ಕಟ್ಟುವ ಹಗ್ಗ, ಹಿಡಿಯುವ ಹಗ್ಗ

ಮಾಗಡಿ ಸೀಮೆಯ ಕಲ್ಯದಲ್ಲಿ ಹುಟ್ಟಿದವನು ಹಾಯಿದೋಣಿಯ ಬಗ್ಗೆ ಬರೆಯುತ್ತಾನೆ ಎಂದರೆ ನಮ್ಮೂರಿನವರೇ ಮೊದಲು ನಗುತ್ತಾರೆ. ನಮ್ಮ ಕಡೆ ಬೆಟ್ಟವುಂಟು, ಬಂಡೆಯುಂಟು, ರಾಗಿ ಹೊಲವುಂಟು, ಚಳಿಗಾಲ ಬಂದರೆ ಅವರೆಕಾಯಿಯ ಸೊಗಡುಂಟು. ಹಾಯಿ ಬಿಚ್ಚಿದ ದೋಣಿಯನ್ನು ಮಾತ್ರ ನಾನು ಊರಿನ ಆಸುಪಾಸಿನಲ್ಲಿ ಎಂದೂ ಕಂಡವನಲ್ಲ. ಓದಲಿಕ್ಕೆಂದು ಮಂಗಳೂರಿಗೆ ಹೋದಾಗ ಎನ್‌ಸಿಸಿಯ ನೌಕಾ ವಿಭಾಗ ಸೇರಿದೆ. ಬಿಳಿ ಸಮವಸ್ತ್ರದ ಆಸೆ ಒಂದು, ಪೆರೇಡ್ ಮುಗಿದ ಮೇಲೆ ಕೊಡುವ ತಿಂಡಿಯ ಆಸೆ ಇನ್ನೊಂದು. ಹಾಯಿ ನಡೆಸುವುದನ್ನು ಕಲಿತದ್ದು ಹೀಗೆ, ಬಯಸದೆ.

ಸುಲ್ತಾನ್ ಬತ್ತೇರಿಯ ಎದುರು ಗುರುಪುರ ನದಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಆಚೆ ದಡ ತಣ್ಣೀರುಬಾವಿ. ಅದರಾಚೆ ಅರಬ್ಬಿ ಸಮುದ್ರ. ಮಧ್ಯಾಹ್ನದ ಮೇಲೆ ಕಡಲಗಾಳಿ ಅಲ್ಲಿಂದ ನದಿಯನ್ನು ಅಡ್ಡ ಹಾಯ್ದು ಬರುತ್ತದೆ. ನಮಗೆ ಕೊಟ್ಟಿದ್ದು ಎಂಟರ್‌ಪ್ರೈಸ್ ಜಾತಿಯ ದೋಣಿ. ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬುವರು 1956ರಲ್ಲಿ ರೂಪಿಸಿದ್ದು. ಉದ್ದ ಸುಮಾರು 13 ಅಡಿ, ಇಬ್ಬರು ಕೂರುವಷ್ಟು ಜಾಗ, ಎರಡು ನೀಲಿ ಹಾಯಿ. ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಹಾಯಿಯಲ್ಲ, ದೋಣಿಯ ಹೊಟ್ಟೆಯಲ್ಲಿ ಬಿದ್ದಿದ್ದ ಹಗ್ಗಗಳ ರಾಶಿ. ಸಂತೆಯಿಂದ ದನ ಹೊಡೆದುಕೊಂಡು ಬಂದವನ ಹೆಗಲಿನ ಹಾಗಿತ್ತು ಅದು.

ನಮಗೆ ಕಲಿಸುತ್ತಿದ್ದವರು ನೌಕಾಪಡೆಯವರು, ಕಾರವಾರದ ಕಡೆಯವರು. ನಾವು ಚೀಫ್ ಸಾಹೇಬರು ಎನ್ನುತ್ತಿದ್ದೆವು. ಅವರು ಹೇಳಿಕೊಟ್ಟ ಮೊದಲ ಪಾಠ, ದೋಣಿಯಲ್ಲಿ ಎರಡು ಜಾತಿಯ ಹಗ್ಗ ಇರುತ್ತದೆ ಎಂಬುದು. ಒಂದು ನಿಂತ ಹಗ್ಗ. ಕೂವೆಮರವನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಳೆದು ನಿಲ್ಲಿಸಿರುವ ಉಕ್ಕಿನ ತಂತಿಗಳು ಈ ಜಾತಿಯವು. ದಡದಲ್ಲೇ ಬಿಗಿದು ಕೀಲಿ ಹಾಕಬೇಕು. ನೀರಿಗಿಳಿದ ಮೇಲೆ ಅವುಗಳನ್ನು ಮುಟ್ಟುವ ಹಾಗಿಲ್ಲ. ಇನ್ನೊಂದು ಓಡುವ ಹಗ್ಗ. ಹಾಯಿಯನ್ನು ಮೇಲೇರಿಸುವುದು ಒಂದು, ಹಾಯಿಯ ಬುಡದ ಮೂಲೆಯನ್ನು ಹಿಂದಕ್ಕೆ ಎಳೆದು ಅದರ ಹೊಟ್ಟೆಯನ್ನು ಚಪ್ಪಟೆ ಮಾಡುವುದು ಒಂದು, ಬೂಮ್ ಎಂಬ ಅಡ್ಡಮರ ಮೇಲಕ್ಕೆ ಹಾರದಂತೆ ಕೆಳಕ್ಕೆ ಜಗ್ಗಿ ಹಿಡಿಯುವುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ಮೇನ್‌ಶೀಟ್. ಶೀಟ್ ಎಂದರೆ ಹಾಯಿಯ ಬಟ್ಟೆಯಿರಬೇಕು ಎಂದುಕೊಂಡಿದ್ದೆ. ಅದು ಹಗ್ಗದ ಹೆಸರು. ಹಾಯಿ ಗಾಳಿಗೆ ಎಷ್ಟು ತೆರೆದುಕೊಳ್ಳಬೇಕು, ಎಷ್ಟು ಮುಚ್ಚಿಕೊಳ್ಳಬೇಕು ಎಂಬುದೆಲ್ಲ ಈ ಹಗ್ಗದಲ್ಲಿದೆ.

ಹಗ್ಗ ಪೋಣಿಸುವುದು ನಿಧಾನದ ಕೆಲಸ. ರಾಟೆಯ ಯಾವ ಮಗ್ಗುಲಿಂದ ಒಳಗೆ ಹೋಗಬೇಕು, ಯಾವ ಮಗ್ಗುಲಿಂದ ಹೊರಗೆ ಬರಬೇಕು ಎಂಬುದು ತಪ್ಪಿದರೆ ಹಗ್ಗ ತನ್ನನ್ನೇ ಉಜ್ಜಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ತುದಿಗೆ ಇಂಗ್ಲಿಷಿನ ಎಂಟರ ಅಂಕಿಯಂಥ ಗಂಟು ಹಾಕಬೇಕು, ಕೈತಪ್ಪಿದ ಹಗ್ಗ ರಾಟೆಯಿಂದ ಪೂರ್ತಿ ನುಸುಳಿ ಹೋಗಬಾರದು ಎಂದು. ಕೆಲವು ಹಗ್ಗಗಳಿಗೆ ಹಲ್ಲಿನ ಹಿಡಿ ಇರುತ್ತದೆ. ಎಳೆದು ಕೆಳಗೆ ಒತ್ತಿದರೆ ಕಚ್ಚಿ ಹಿಡಿಯುತ್ತದೆ, ಮೇಲಕ್ಕೆ ಒಮ್ಮೆ ಜಗ್ಗಿದರೆ ಬಿಟ್ಟುಬಿಡುತ್ತದೆ. ನಮ್ಮೂರಲ್ಲಿ ದನ ಕಟ್ಟುವ ಜೀರುಗುಣಿಕೆಯ ಸಂಬಂಧಿ ಎನ್ನಬಹುದು. ಕರು ಕಾಲು ಸಿಕ್ಕಿಸಿಕೊಂಡರೆ ತುದಿ ಹಿಡಿದು ಒಂದು ಸಲ ಎಳೆದರೆ ಬಿಚ್ಚಿಕೊಳ್ಳಬೇಕು; ಅಲ್ಲಿಯವರೆಗೆ ಎತ್ತು ಎಷ್ಟು ಜಗ್ಗಿದರೂ ಬಿಚ್ಚಬಾರದು.

ಪಾಠದ ಕೊನೆಗೆ ಚೀಫ್ ಸಾಹೇಬರು ಹೇಳಿದ್ದು ಒಂದೇ ಕಟ್ಟಳೆ: “ಮೇನ್‌ಶೀಟ್ ಕೈಯಲ್ಲಿರಬೇಕು. ಯಾವುದಕ್ಕೂ ಕಟ್ಟಬೇಡಿ.”

ನಾನು ಕಟ್ಟಿದೆ.

ಮೂರನೆಯ ವಾರವೋ ಏನೋ. ಗಾಳಿ ಜೋರಿತ್ತು, ಅಂಗೈ ಕೆಂಪಾಗಿ ಗುಳ್ಳೆ ಎದ್ದಿತ್ತು. ಒಂದು ಕೈಯಲ್ಲಿ ಚುಕ್ಕಾಣಿ, ಒಂದು ಕೈಯಲ್ಲಿ ಹಗ್ಗ. ದೋಣಿ ಚೆನ್ನಾಗಿ ಓಡುತ್ತಿದೆ, ಹಾಯಿ ಸರಿಯಾದ ಜಾಗದಲ್ಲಿದೆ, ಇನ್ನು ಈ ಕೈ ಯಾಕೆ ನೋಯಬೇಕು ಎನ್ನಿಸಿತು. ಹಗ್ಗವನ್ನು ಅಡ್ಡಹಲಗೆಗೆ ಎರಡು ಸುತ್ತು ಸುತ್ತಿ, ರಾಗಿ ಮೂಟೆ ಬಿಗಿದ ಹಾಗೆ ಬಿಗಿದೆ. ಐದು ನಿಮಿಷ ಸುಖವಾಗಿತ್ತು. ಆಮೇಲೆ ತಣ್ಣೀರುಬಾವಿಯ ಮರಗಳ ಸಂದಿನಿಂದ ಒಂದು ರಭಸದ ಗಾಳಿ ಬಂತು. ದೋಣಿ ವಾಲಿತು. ಹಗ್ಗ ಸಡಿಲಿಸಿದ್ದರೆ ಹಾಯಿ ಗಾಳಿಯನ್ನು ಚೆಲ್ಲಿ ದೋಣಿ ನೆಟ್ಟಗಾಗುತ್ತಿತ್ತು. ಗಂಟು ಬಿಚ್ಚಲು ಹೋದೆ. ಭಾರ ಬಿದ್ದ ಗಂಟು ಬಿಚ್ಚುವುದಿಲ್ಲ. ಇಬ್ಬರೂ ನೀರಿಗೆ ಬಿದ್ದೆವು.

ಮಗುಚಿದ ದೋಣಿಯನ್ನು ಎತ್ತುವ ಕ್ರಮವನ್ನೂ ಕಲಿಸಿದ್ದರು. ತಳದಿಂದ ಹೊರಚಾಚಿದ ಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಬೇಕು. ದೋಣಿ ನಿಧಾನ ಏಳುತ್ತದೆ. ನಾನು ಹಾಗೇ ಮಾಡಿದೆ. ದೋಣಿ ಎದ್ದಿತು, ಎದ್ದ ಕ್ಷಣವೇ ಹಾಯಿಗೆ ಗಾಳಿ ತುಂಬಿ ಆಚೆ ಮಗ್ಗುಲಿಗೆ ಮಗುಚಿತು. ಮತ್ತೆ ಎತ್ತಿದೆ, ಮತ್ತೆ ಮಗುಚಿತು. ಕಾವಲು ದೋಣಿಯಿಂದ ಚೀಫ್ ಸಾಹೇಬರ ಕೂಗು ಕೇಳಿತು: “ಮೊದಲು ಹಗ್ಗ ಬಿಡು ಮಾರಾಯ, ಆಮೇಲೆ ದೋಣಿ ಎತ್ತು!”

ದಡಕ್ಕೆ ಬಂದ ಮೇಲೆ ಅವರು ಬೈಯಲಿಲ್ಲ. ಅಂಗೈ ನೋಡಿ, “ಕೈ ನೋಯ್ತದೆ ಅಂದ್ರೆ ಗಾಳಿ ಎಷ್ಟಿದೆ ಅಂತ ನಿನಗೆ ಗೊತ್ತಾಗ್ತಾ ಇದೆ ಅಂತ ಅರ್ಥ. ಕಟ್ಟಿದ ಮೇಲೆ ಏನು ಗೊತ್ತಾಗ್ತದೆ?” ಎಂದರು. ನಾನು ನಕ್ಕು ಮರೆತೆ.

ಈ ಮಾತು ನನಗೆ ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ನಂತರ, ನೀರಿನಿಂದ ದೂರ, ನಮ್ಮ ಹೊಲದ ವಿಚಾರದಲ್ಲಿ.

ಅಪ್ಪ ತೀರಿಕೊಳ್ಳುವ ಹಿಂದಿನ ವಾರ ನನ್ನನ್ನು ಹತ್ತಿರ ಕೂರಿಸಿಕೊಂಡು, “ಹೊಲ ಬಿಡಬ್ಯಾಡ ಮಗ. ತಂಗಿ ಕೈ ಬಿಡಬ್ಯಾಡ” ಎಂದ. ನಾನು “ಆಯ್ತು ಅಪ್ಪ” ಎಂದೆ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಉಳಿದವರು ನಾನು, ತಂಗಿ, ಮತ್ತು ತಾತನ ಕಾಲದಿಂದ ಬಂದ 2 ಎಕರೆ 20 ಗುಂಟೆ ಹೊಲ.

ಕೆಲವು ವರ್ಷ ಕಳೆದ ಮೇಲೆ ತಂಗಿ ಬಂದು ತನ್ನ ಪಾಲು ಕೇಳಿದಳು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ದುಡ್ಡು ಬೇಕಿತ್ತು. ಪಾಲು ಬಂದರೆ ಮಾರುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ನಾನು ಅಪ್ಪನಿಗೆ ಮಾತು ಕೊಟ್ಟಿದ್ದೇನೆ, ಹೊಲ ಒಡೆಯುವುದಿಲ್ಲ, ಮಾರುವುದಿಲ್ಲ ಎಂದೆ. ಹಾಗೆ ಹೇಳುವಾಗ ನನಗೆ ಒಳಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಕೊಟ್ಟ ಮಾತಿಗೆ ನಿಂತವನು ನಾನು. ತಂಗಿ ಎದ್ದು ನಿಂತು, “ಅಣ್ಣಯ್ಯ, ಅಪ್ಪ ನಿಂಗೆ ಎರಡು ಮಾತು ಹೇಳಿದ್ನಂತೆ. ನಿಂಗೆ ಒಂದೇ ಕೇಳಿಸ್ತಾ?” ಎಂದು ಕೇಳಿ ಹೊರಟುಹೋದಳು. ಆ ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ.

ಅವಳು ಕೇಳಿದ್ದು ನನ್ನ ಔದಾರ್ಯವನ್ನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಅಂದರೆ ನಾನು ಅಪ್ಪನಿಗೆ ಕೊಟ್ಟ ಮಾತಿನಲ್ಲಿ ಅರ್ಧ ನನ್ನದಾಗಿರಲೇ ಇಲ್ಲ. ಇನ್ನೊಬ್ಬರ ವಸ್ತುವಿನ ಮೇಲೆ ಮಾತು ಕೊಟ್ಟು, ಆ ಮಾತಿಗೆ ನಿಷ್ಠನಾಗಿದ್ದೇನೆ ಎಂದು ಬೀಗುತ್ತಿದ್ದೆ.

ಮೇನ್‌ಶೀಟು ಒಂದೇ ನೇರಕ್ಕೆ ಬರುವುದಿಲ್ಲ. ರಾಟೆಗಳ ನಡುವೆ ಹೋಗಿಬಂದು ಹೋಗಿಬಂದು ಕೈಗೆ ಸಿಗುತ್ತದೆ. ನಾಲ್ಕು ಎಳೆ ಭಾರ ಹೊತ್ತರೆ ಕೈ ಹಿಡಿಯಬೇಕಾದದ್ದು ಕಾಲು ಭಾಗ ಮಾತ್ರ; ಬದಲಿಗೆ ಹಗ್ಗ ನಾಲ್ಕು ಪಟ್ಟು ಉದ್ದ ಓಡಬೇಕು. ಇದರಿಂದ ದೊಡ್ಡ ಗಾಳಿಯನ್ನೂ ಹುಡುಗನೊಬ್ಬ ಹಿಡಿಯಬಲ್ಲ. ಆದರೆ ಗಾಳಿಯ ನಿಜವಾದ ತೂಕ ಅವನಿಗೆ ತಿಳಿಯುವುದಿಲ್ಲ. ಅಪ್ಪನ ಮಾತು ನನಗೆ ಅಂಥ ರಾಟೆಯಾಗಿತ್ತು. “ನನಗೆ ಕೊಡಲು ಇಷ್ಟವಿಲ್ಲ” ಎಂದು ನನ್ನ ಬಾಯಿಂದಲೇ ಹೇಳಬೇಕಾಗಿದ್ದರೆ ಅದರ ಭಾರ ನನಗೆ ತಡೆಯುತ್ತಿರಲಿಲ್ಲ. “ಅಪ್ಪನ ಮಾತು” ಎಂದಾಗ ಭಾರವೇ ಕಾಣಲಿಲ್ಲ.

ಇಷ್ಟರಿಂದ, ಮಾತು ಕಷ್ಟವಾದಾಗ ಬಿಟ್ಟುಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಹಾಯಿಯ ಹಗ್ಗವನ್ನು ಪೂರ್ತಿ ಬಿಟ್ಟರೆ ದೋಣಿ ಮಗುಚುವುದಿಲ್ಲ ನಿಜ, ಎಲ್ಲಿಗೂ ಹೋಗುವುದೂ ಇಲ್ಲ. ಹಾಯಿ ಪಟಪಟ ಬಡಿದುಕೊಳ್ಳುತ್ತಾ ನಿಲ್ಲುತ್ತದೆ, ಹೊಳೆ ತನಗೆ ಬೇಕಾದ ಕಡೆ ಒಯ್ಯುತ್ತದೆ. ಸಣ್ಣ ಸುಳಿಗಾಳಿಗೆಲ್ಲ ಹಗ್ಗ ಬಿಡುವ ಹುಡುಗರನ್ನೂ ಚೀಫ್ ಸಾಹೇಬರು ಗದರುತ್ತಿದ್ದರು. ‘ಬಿಡು’ ಎನ್ನುವುದನ್ನು ನಾವು ಈಗೀಗ ಬಹಳ ಸುಲಭವಾಗಿ ಜ್ಞಾನವೆಂದು ಹೇಳುತ್ತೇವೆ. ಎಷ್ಟೋ ಸಲ ಅದು ಕೈನೋವಿಗೆ ಹೆದರಿದವನ ಮಾತು. ಕಟ್ಟಿದವನೂ ಬಿಟ್ಟವನೂ ತಪ್ಪಿಸಿಕೊಳ್ಳಲು ನೋಡಿದ್ದು ಒಂದನ್ನೇ: ಹಿಡಿದುಕೊಂಡೇ ಇರುವ ಶ್ರಮವನ್ನು.

ಮಾತಿಗೆ ನಿಲ್ಲುವುದು ಎಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಗೋವಿನ ಹಾಡಿನ ಪುಣ್ಯಕೋಟಿ. ನಾನೂ ತಂಗಿಯೊಡನೆ ವಾದಿಸುವಾಗ ಮನಸ್ಸಿನಲ್ಲಿ ಅವಳನ್ನೇ ಸಾಕ್ಷಿಗೆ ಕರೆದಿದ್ದೆ. ಆಮೇಲೆ ಕಥೆಯನ್ನು ಮತ್ತೆ ಯೋಚಿಸಿದಾಗ ಎರಡು ಸಂಗತಿ ಕಂಡವು. ಹುಲಿಯ ಬಳಿಗೆ ಹಿಂದಿರುಗುವ ಮೊದಲು ಅವಳು ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಹುಲಿಗೆ ಕೊಟ್ಟ ಮಾತಿನ ನೆಪದಲ್ಲಿ ಕರುವಿನ ಕೈ ಬಿಡುವುದಿಲ್ಲ. ಎರಡನೆಯದು, ಕೊನೆಗೆ ಅವಳನ್ನು ಮಾತಿನಿಂದ ಬಿಡಿಸುವುದು ಹುಲಿ. ಮಾತು ಪಡೆದವನೇ ಮಾತನ್ನು ಬಿಟ್ಟುಕೊಡಬಲ್ಲ, ಕೊಟ್ಟವಳಿಗೆ ಆ ಅಧಿಕಾರವಿಲ್ಲ. ಇಲ್ಲಿಯವರೆಗೆ ಸರಿ. ಆದರೆ ಮಾತು ಪಡೆದವನು ಸತ್ತುಹೋಗಿದ್ದರೆ? ನನ್ನನ್ನು ಬಿಡಿಸಲು ಅಪ್ಪ ಇಲ್ಲ. ಹಾಗೆಂದು ನಾನೇ ನನ್ನನ್ನು ಬಿಡಿಸಿಕೊಂಡರೆ ಅದು ಅನುಕೂಲಕ್ಕೆ ಮಾಡಿಕೊಂಡ ತೀರ್ಪು. ಸತ್ತವರಿಗೆ ಕೊಟ್ಟ ಮಾತು ಹೀಗೆ ಭಾರ ಬಿದ್ದ ಗಂಟಾಗುತ್ತದೆ.

ಇದಕ್ಕೆ ನನಗೆ ಸಿಕ್ಕ ದಾರಿ, ಮಾತು ಯಾವುದಕ್ಕಾಗಿ ಹುಟ್ಟಿತು ಎಂದು ಕೇಳಿಕೊಳ್ಳುವುದು. ತಾತ ಕಪಿಲೆ ಹೊಡೆದವನು. ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾವಿಯಿಂದ ತೊಗಲ ಚೀಲ ಮೇಲೇರುವುದನ್ನು ಅವನು ಕೈಯಾಡಿಸಿ ಹೇಳುತ್ತಿದ್ದ. ಕಪಿಲೆಗೂ ಎರಡು ಹಗ್ಗ. ದಪ್ಪ ಹಗ್ಗ ಚೀಲದ ಭಾರ ಎಳೆಯುತ್ತದೆ, ಸಣ್ಣ ಹಗ್ಗ ಚೀಲದ ಸೊಂಡಿಲನ್ನು ಮೇಲಕ್ಕೆ ಮಡಿಸಿ ಹಿಡಿದಿರುತ್ತದೆ. ಬಾವಿಯ ಬಾಯಿಗೆ ಬಂದಾಗ ಸೊಂಡಿಲು ತೊಟ್ಟಿಯತ್ತ ಚಾಚಿ ನೀರು ಸುರಿಯುತ್ತದೆ. ಸಣ್ಣ ಹಗ್ಗ ಸಡಿಲವಾದರೆ ದಪ್ಪ ಹಗ್ಗ ಎಷ್ಟು ಗಟ್ಟಿಯಿದ್ದರೂ ನೀರೆಲ್ಲ ವಾಪಸು ಬಾವಿಗೇ ಬೀಳುತ್ತದೆ. ಎತ್ತು ದುಡಿದದ್ದೇ ಬಂತು. ಅಪ್ಪನ ಎರಡು ಮಾತು ಆ ಎರಡು ಹಗ್ಗದ ಹಾಗೆ. ಹೊಲ ಬಿಡಬೇಡ ಎಂದದ್ದು ಮನೆ ಒಟ್ಟಾಗಿರಲಿ ಎಂದು. ತಂಗಿ ಕೈ ಬಿಡಬೇಡ ಎಂದದ್ದೂ ಅದಕ್ಕೇ. ನಾನು ದಪ್ಪದ್ದನ್ನು ಬಿಗಿ ಹಿಡಿದೆ, ಸಣ್ಣದ್ದು ಎಲ್ಲಿ ಬಿತ್ತು ಎಂದು ನೋಡಲಿಲ್ಲ.

ನಮ್ಮೂರಿನಲ್ಲಿ ಒಂದು ಶಾಸನವಿದೆ. 1368ರಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಮಾಡಿಸಿದ ಒಪ್ಪಂದದ್ದು. ಶ್ರವಣಬೆಳಗೊಳದಲ್ಲಿರುವ ಶಾಸನ ಹೆಚ್ಚು ಪ್ರಸಿದ್ಧ. ಅದೇ ಒಪ್ಪಂದದ ಕಲ್ಲು ಕಲ್ಯದಲ್ಲೂ ಇದೆ. ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ದೂರು ಕೊಟ್ಟರು. ರಾಯ ಎರಡೂ ಕಡೆಯವರನ್ನು ಕರೆಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಶಾಸನ ಮುಗಿಯುವುದಿಲ್ಲ. ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಮೊದಲಿನಂತೆ ಸಲ್ಲಬೇಕು. ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ತಿರುಮಲೆಯ ತಾತಯ್ಯ ನೇಮಿಸಬೇಕು, ಉಳಿದ ಹಣದಲ್ಲಿ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಈ ಕ್ರಮ ವರ್ಷ ವರ್ಷವೂ ತಪ್ಪದೆ ನಡೆಯಬೇಕು.

ಕೈಯಲ್ಲಿ ಕೈಯಿಟ್ಟರೆ ಸಾಲದು, ಅದನ್ನು ಪ್ರತಿ ವರ್ಷ ಹಿಡಿಯಬೇಕು ಎಂಬುದು ಅದನ್ನು ಬರೆಸಿದವರಿಗೆ ತಿಳಿದಿತ್ತು. ಆ ಒಪ್ಪಂದ ಕುಂದಿಲ್ಲದ್ದೇನಲ್ಲ. ಅನ್ಯಾಯಕ್ಕೆ ಒಳಗಾದವರೇ ತಮ್ಮ ಕಾವಲಿಗೆ ಹಣ ಕೊಡಬೇಕಾಯಿತಲ್ಲ ಎಂದು ಇಂದು ಕೇಳಬಹುದು, ಕೇಳಲೇಬೇಕು. ಆದರೆ ಕಾವಲಿನ ಹೊಣೆ ಎದುರು ಕಡೆಯವರ ಕೈಗೆ ಹೋಯಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಹಗ್ಗದ ಒಂದು ತುದಿ ಇವರಲ್ಲಿ, ಇನ್ನೊಂದು ಅವರಲ್ಲಿ. ಬೆಳಗೊಳದ ಅದೇ ಕಲ್ಲಿನಲ್ಲಿ ಇನ್ನೊಂದು ಸಂಗತಿಯಿದೆ. ಕಲ್ಲೇಹದ ಬುಸುವಿ ಸೆಟ್ಟಿ ಎಂಬುವನು ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಆ ಕಲ್ಲೇಹ ನಮ್ಮ ಕಲ್ಯವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಲಿನಲ್ಲಿ ಕೊರೆದದ್ದಕ್ಕೂ ಮತ್ತೆ ಕೈ ಹಚ್ಚಲು ಯಾರೋ ಒಬ್ಬ ಎದ್ದು ಬರಬೇಕಾಯಿತು. ಅವನು ನಮ್ಮೂರಿನವನು ಎಂಬುದು ನನಗೆ ಸಂಕೋಚವನ್ನೂ ಕೊಡುತ್ತದೆ, ಧೈರ್ಯವನ್ನೂ.

ತಂಗಿ ಬಾರದ ಎರಡನೆಯ ಗೌರಿ ಹಬ್ಬಕ್ಕೆ ನಾನೇ ಅವಳ ಮನೆಗೆ ಹೋದೆ. ಸೀರೆ, ಬಳೆ, ಮೊರದ ಬಾಗಿನ ಎಲ್ಲ ಹೊತ್ತುಕೊಂಡು ಹೋದೆ. ಹೊಲದ ಮಾತು ಮಾತ್ರ ಎತ್ತಲಿಲ್ಲ. ಅವಳು ಬಾಗಿನ ತೆಗೆದುಕೊಂಡು ದೇವರ ಮುಂದಿಟ್ಟಳು, ಕಾಫಿ ಕೊಟ್ಟಳು. ಹೊರಡುವಾಗ, “ಬಾಗಿನ ತಗೊಂಡಿದ್ದೀನಿ ಅಣ್ಣಯ್ಯ. ಅಲ್ಲಿಗೆ ಎಲ್ಲ ಸರಿಹೋಯ್ತು ಅನ್ಕೋಬ್ಯಾಡ” ಎಂದಳು. ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಗಾಳಿಗೋ ಏನೋ, ಕಾವಲು ದೋಣಿಯ ಕೂಗು ಕೇಳಿದ ಹಾಗಾಯಿತು. ನಾನು ಹಗ್ಗ ಬಿಡದೆ ದೋಣಿ ಎತ್ತಲು ಹೋಗಿದ್ದೆ. ಕ್ಷಮೆ, ಸೀರೆ, ಹಬ್ಬ, ಕಣ್ಣೀರು ಯಾವುದನ್ನು ಹೊತ್ತು ಹೋದರೂ, ಕಟ್ಟಿದ ಗಂಟು ಹಾಗೇ ಇದ್ದರೆ ಎದ್ದದ್ದು ಮತ್ತೆ ಮಗುಚುತ್ತದೆ.

ಆ ವರ್ಷವೇ ಹೊಲ ಭಾಗ ಮಾಡಿಸಿದೆ. ಅವಳ ಪಾಲಿಗೆ 1 ಎಕರೆ 10 ಗುಂಟೆ ಬಂತು. ಅವಳು ಹೇಳಿದಂತೆ ಮಾರಿದಳು. ಮಗಳು ನರ್ಸಿಂಗ್ ಓದಿದಳು. ತಂಗಿ ಈಗ ಗೌರಿ ಹಬ್ಬಕ್ಕೆ ಬರುತ್ತಾಳೆ, ಬಂದರೆ ಎರಡು ದಿನ ಇರುತ್ತಾಳೆ. ಎಲ್ಲ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಮಾತುಗಳ ಹತ್ತಿರ ನಾವಿಬ್ಬರೂ ಇನ್ನೂ ಮೆಲ್ಲಗೆ ನಡೆಯುತ್ತೇವೆ.

ಅಪ್ಪ ಇದನ್ನು ಒಪ್ಪುತ್ತಿದ್ದನೇ? ತಿಳಿಯದು. ಮಾರಿದ ಹೊಲದಲ್ಲಿ ಈಗ ಬೇರೆಯವರ ಕೊಳವೆಬಾವಿ ಇದೆ, ಟೊಮೆಟೊ ಇದೆ. ಬದುವಿನ ಮೇಲೆ ನಿಂತಾಗ ಆ ಕಡೆ ನೋಡಬಾರದು ಎಂದುಕೊಂಡರೂ ಕಣ್ಣು ಹೋಗುತ್ತದೆ, ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ. ಆಗ ಅಂಗೈ ಬಿಡಿಸಿ ನೋಡಿಕೊಳ್ಳುತ್ತೇನೆ. ಗುಳ್ಳೆಯ ಗುರುತು ಎಂದೋ ಹೋಗಿದೆ. ನೋವು ಇದ್ದರೆ ಇರಲಿ ಅನ್ನಿಸುತ್ತದೆ. ಗಾಳಿ ಎಷ್ಟಿದೆ ಎಂದು ತಿಳಿಯುತ್ತದೆ.